ಹಿಂದಿನ ಗಾಲಿ

ಸನತ್‌ನಗರ, ಹೈದರಾಬಾದ್
೧೨-೨-೧೯೮೭

ಮಲ್ಲಣ್ಣನಿಗೆ ತಂಗಿ ಶಿವದೇವಿಯ ಶರಣು.

ಪತ್ರ ಕಂಡು ಗಾಬರಿಯಾಗಬೇಡ, ಸುದ್ದಿ ಒಳ್ಳೆಯದೇ. ಇವರು ಮಾತಾಡಿದರು.

ದೀಪಾವಳಿಗೆ ಲಕ್ವಾ ಹೊಡೆದ ಮೇಲೆ ಕಾಲು ಬಂತು, ಕೈ ಬಂತು, ಮಾತು ಮಾತ್ರ ಬಂದಿರಲಿಲ್ಲ. ಇವರು ತಗಡಿನಲ್ಲಿ ಅರ್ಧ ಕಟ್ಟಿದ್ದ ಹಳೇ ಕಾಲದ ರೇಸ್ ಕಾರಿನ ಮಾದರಿ ಊಟದ ಮೇಜಿನ ಮೇಲೆ ಹಾಗೇ ಇತ್ತು. ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ನೋಡಿದಷ್ಟೂ ಅವರಿಗೆ ಸಂಕಟ, ಅಟ್ಟಕ್ಕೆ ಹಾಕು ಎಂದು ನೀನು ಹೇಳಿ ಹೋಗಿದ್ದೆ. ನನಗೆ ಮನಸ್ಸಾಗಲಿಲ್ಲ. ನಿನ್ನೆ ಧೂಳು ಒರೆಸುತ್ತಾ, ಬಿಡಿಯಾಗಿ ಬಿದ್ದಿದ್ದ ಗಾಲಿಗಳನ್ನು ನನಗೆ ತಿಳಿದಂತೆ ಸಿಕ್ಕಿಸಿಟ್ಟೆ.

ಮಂಚದಿಂದ ನೋಡುತ್ತಿದ್ದ ಇವರ ಮುಖ ಕೆಂಪಾಯಿತು. "ಹಿಂದಿನ ಗಾಲಿ... ಮುಂದ ಹಾಕಿದಿ ಅಲ್ಲ! ಬುದ್ಧಿ ಐತೇನ ನಿನಗ?"

ತೊದಲುತ್ತಿದ್ದರೂ ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿತ್ತು. ದೊಡ್ಡ ಗಾಲಿ ಹಿಂದೆ ಬರಬೇಕಂತೆ, ಸಣ್ಣದು ಮುಂದೆ. ನನಗೇನು ಗೊತ್ತು? ಸೆರಗು ಬಾಯಿಗಿಟ್ಟು ಅತ್ತುಬಿಟ್ಟೆ.

"ಬೈದಿದ್ದಕ್ಕ ಅಳತೀ ಏನ?" ಎಂದು ಮೆಲ್ಲಗೆ ಕೇಳಿದರು. ಅದು ಎರಡನೆಯ ಮಾತು.

ಇನ್ನು ಅಟ್ಟದ ಸುದ್ದಿ ಎತ್ತಬೇಡ. ಭಾನುವಾರ ಬರುವಾಗ ನುಣುಪು ಸ್ಯಾಂಡ್ ಪೇಪರ್, ಒಂದು ಸಣ್ಣ ಡಬ್ಬಿ ಹಸಿರು ಬಣ್ಣ ತಾ. ಕೆಂಪು ಬೇಡವಂತೆ, ಅದನ್ನೂ ಇವರೇ ಹೇಳಿದರು.

ಗಾಲಿಗಳನ್ನು ಇವರೇ ಸರಿಮಾಡಿಕೊಂಡಿದ್ದಾರೆ. ಈಗ ಮಲಗಿದ್ದಾರೆ. ನಾನು ಡ್ರೈವರನ ಸೀಟನ್ನು ಹಿಂದುಮುಂದಾಗಿ ಇಟ್ಟು ಬಂದು, ಇವರು ಏಳುವುದನ್ನೇ ಕಾಯುತ್ತಾ ಕೂತಿದ್ದೇನೆ.

ನಿನ್ನ ತಂಗಿ,
ಶಿವದೇವಿ