ಎರಡನೆಯ ಹಿಡಿ ಮಣ್ಣು

ಅಕ್ಕನ ಮನೆ,
ಮಂಗಳವಾರ ಬೆಳಿಗ್ಗೆ

ಊರಿಗೆಲ್ಲ ಪಾಸ್ಟರ್, ನನಗೊಬ್ಬಳಿಗೆ ಮಾತ್ರ ಯಜಮಾನರಾದ ನಿಮಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವ ಅಗತ್ಯವಿಲ್ಲ. ನಿನ್ನೆ ಬೆಳಿಗ್ಗೆ ಅಕ್ಕ ತನ್ನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ನಿಮ್ಮನ್ನು ನೋಡುತ್ತಲೇ ಚಹಾ ಕುಡಿದಳು. ನಿಮ್ಮ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಚಿಕೊಂಡಿತ್ತು. ಸಾವಿರಾರು ಜನ ನೋಡುತ್ತಾರೆ ಎನ್ನುತ್ತೀರಲ್ಲ, ಒಬ್ಬರಾದರೂ ಹೇಳಬಾರದಿತ್ತೇ?

ಫೋನು ಮಾಡುವುದು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಫೋನು ಈಗ ನಿಮ್ಮದಲ್ಲ, ಸಭೆಯ ಸೊತ್ತು. ನಾನು ಕಳಿಸಿದ ಮೆಸೇಜನ್ನು ನಿಮಗಿಂತ ಮೊದಲು ಓದುವವರು ನಮ್ಮ ಸಿಗ್ನಲ್ ಅಣ್ಣ. ಪಾಪ, ಆ ಮನುಷ್ಯ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ತಿರುಗಿಸಿಕೊಂಡು ಹಾಯಾಗಿದ್ದರು. ನೀವೇ ಕರೆದು ಲೈವ್‌ನ ಉಸ್ತುವಾರಿ ಕೊಟ್ಟಿರಿ. ಈಗ ಆರಾಧನೆಯ ನಡುವೆ ಅವರು ಎರಡೂ ಕೈ ಮೇಲೆತ್ತಿದರೆ ಪವಿತ್ರಾತ್ಮ ಇಳಿಯಿತು ಎಂದು ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಅವರು ಹುಡುಕುತ್ತಿರುವುದು ಟವರು ಎಂದು ನನಗೊಬ್ಬಳಿಗೇ ಗೊತ್ತು. ಆದ್ದರಿಂದ ಕಾಗದ. ಲಕೋಟೆಯನ್ನು ನಿಮ್ಮ ಕೈಯಿಂದಲೇ ಒಡೆಯಿರಿ, ನಿಂತುಕೊಂಡು ಓದಬೇಡಿ, ದಯವಿಟ್ಟು ಇದರಲ್ಲಿ ಮುಂದಿನ ಭಾನುವಾರಕ್ಕೆ ದೃಷ್ಟಾಂತ ಹುಡುಕಬೇಡಿ.

ಇಂಟರ್‌ನೆಟ್ಟೇ ಬೇಡ ಎನ್ನುವವಳು ನಾನಲ್ಲ. ಮೆಟ್ಟಿಲು ಹತ್ತಲಾಗದ ಸಂಗೀತದ ಟೀಚರಮ್ಮ ಮಂಚದ ಮೇಲೆ ಮಲಗಿಯೇ ವಾಕ್ಯ ಕೇಳುತ್ತಾರೆ, ಆಸ್ಪತ್ರೆಯಲ್ಲಿ ಪಾಳಿ ಇರುವವರು ಊಟದ ಬಿಡುವಿನಲ್ಲಿ ಕೇಳುತ್ತಾರೆ. ಲೈವ್ ಶುರು ಮಾಡೋಣವೇ ಎಂದು ನೀವು ಅಳುಕುತ್ತಾ ಕೇಳಿದಾಗ ಮೊದಲು ಹೂಂ ಅಂದವಳು ನಾನೇ. ಬರಲಾಗದವರ ಮನೆಗೆ ದೇವರ ಮಾತು ಹೋಗಲಿ ಎಂದು ಹೂಂ ಅಂದೆ. ಬಂದು ಕೂತವರನ್ನೇ ನೀವು ಮರೆಯುತ್ತೀರಿ ಎಂದು ಕನಸು ಬಿದ್ದಿತ್ತೇ?

ಮೊದಲು ಎದುರಿನ ಬೆಂಚು ಹೋಯಿತು. ಕ್ಯಾಮೆರಾ ಸ್ಟ್ಯಾಂಡಿಗೆ ಜಾಗ ಬೇಕು ಎಂದಿರಿ. ಕಿವಿ ಮಂದವಾದವರೆಲ್ಲ ಆ ಬೆಂಚಿನಲ್ಲಿ ಕೂತು ನಿಮ್ಮ ತುಟಿ ನೋಡಿಕೊಂಡು ಪ್ರಸಂಗ ಕೇಳುತ್ತಿದ್ದರು. ಅವರೀಗ ಗೋಡೆಯ ಪಕ್ಕ ಕೂತು ಸ್ಟ್ಯಾಂಡಿನ ಕಾಲುಗಳನ್ನು ನೋಡುತ್ತಾರೆ. ಆಮೇಲೆ ಪ್ರಸಂಗಪೀಠ ಕ್ಯಾಮೆರಾದ ಕಡೆಗೆ ಓರೆಯಾಯಿತು. ಆಮೇಲೆ "ಲೋಕದ ಮೂಲೆ ಮೂಲೆಯಿಂದ ನೋಡ್ತಿರೋ ಪ್ರಿಯರೇ" ಎಂಬುದು ಮೊದಲ ಮಾತಾಯಿತು, ಎದುರಿಗೆ ಕೂತವರಿಗೆ ವಂದನೆ ಎರಡನೆಯದಾಯಿತು, ಕೆಲವು ಭಾನುವಾರ ಅದೂ ಇಲ್ಲ.

ಮನೆಯ ಕಥೆ ಕೇಳಲೇಬೇಡಿ. ದಿನವೂ ಲೈವ್‌ನಲ್ಲಿ ಕೊಡುವ ಬೆಳಗಿನ ಸಂದೇಶಕ್ಕೆ ಬಿಳಿ ಗೋಡೆ ಬೇಕು, ಬಿಳಿ ಗೋಡೆ ಇರುವುದು ನಮ್ಮ ಮಲಗುವ ಕೋಣೆಯಲ್ಲಿ. ನನ್ನ ಬಾಚಣಿಗೆಯೂ ಅಲ್ಲೇ, ಕಪಾಟೂ ಅಲ್ಲೇ. ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಹಜಾರದಲ್ಲಿ ನಿಂತು, ನೀವು ಲೋಕಕ್ಕೆಲ್ಲ ಸಮಾಧಾನ ಹೇಳಿ ಮುಗಿಸುವವರೆಗೆ ಕಾಯುವುದು ನನ್ನ ಬೆಳಗಿನ ಭಕ್ತಿ. ಕುಕ್ಕರು ಕೂಗಿದರೆ ತಪ್ಪು, ನಾನು ಕೆಮ್ಮಿದರೆ ತಪ್ಪು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅತ್ತೆಯವರು ಮಾವನವರಿಗೆ ಹೇಳುತ್ತಿದ್ದರಂತೆ. ಅವರ ಮಗನಿಗೂ ಹೇಳಿಹೋಗಬೇಕಿತ್ತು.

ಇದನ್ನೆಲ್ಲ ನುಂಗಿಕೊಂಡೆ. ಬಡಗಿಯವರನ್ನು ಮಣ್ಣು ಮಾಡಿದ ದಿನ ಮಾತ್ರ ನುಂಗಲಾಗಲಿಲ್ಲ.

ನಮ್ಮ ದೇವಾಲಯದ ಬೆಂಚುಗಳನ್ನೆಲ್ಲ ಮಾಡಿದ ಮನುಷ್ಯ. ಅವರ ಮಗಳಿಗೆ ಹಿಂದಿನ ದಿನವಷ್ಟೇ ಹೆರಿಗೆಯಾಗಿತ್ತು, ದೂರದ ಊರಿನ ಆಸ್ಪತ್ರೆಯಲ್ಲಿ ಹಾಸಿಗೆಯಿಂದ ಏಳುವಂತಿರಲಿಲ್ಲ. ಅಪ್ಪನ ಮುಖ ಕಡೆಯ ಸಲ ನೋಡಲಿ ಎಂದು ಲೈವ್ ಹಾಕಿದಿರಿ. ಒಳ್ಳೆಯ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಪೆಟ್ಟಿಗೆ ಇಳಿಯಿತು. ಹಗ್ಗ ಮೇಲೆ ಬಂತು. ನೀವು ಪ್ರಾರ್ಥನೆ ಓದಿದಿರಿ, ಬಡಗಿಯ ಹೆಂಡತಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ನಾನು ಅವರ ತೋಳು ಹಿಡಿದುಕೊಂಡಿದ್ದೆ. ಆ ಕೈ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ನನಗೆ ಗೊತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಂತೆ ಬಿಡಿಸಿದರು. ಮಣ್ಣು ಮರದ ಮೇಲೆ ಸದ್ದು ಮಾಡಿ ಬಿತ್ತು.

ಆಗ ಸಿಗ್ನಲ್ ಅಣ್ಣ ನಿಮ್ಮ ಕಿವಿಯಲ್ಲಿ ಏನೋ ಹೇಳಿದರು. ನೀವು ಪುಸ್ತಕ ಮುಚ್ಚದೆ, ಬೆರಳನ್ನು ಹಾಳೆಯ ನಡುವೆ ಇಟ್ಟುಕೊಂಡೇ, "ಅಮ್ಮಾ, ನೆಟ್ ಹೋಗಿತ್ತಂತೆ, ಇನ್ನೊಂದ್ಸಲ ಹಾಕಿ" ಎಂದಿರಿ.

ಇನ್ನೊಂದು ಸಲ! ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡವರಿಗೆ ಹೇಳಿದ ಹಾಗೆ. ನೀವು ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಓದಿದಿರಿ. ಆಕೆ ನಿಮ್ಮ ಮುಖ ನೋಡಿದರು, ಫೋನು ನೋಡಿದರು, ಮತ್ತೆ ಬಗ್ಗಿದರು. ನಾನು ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡೆ. ಸುತ್ತ ನಿಂತವರಲ್ಲಿ ಯಾರೂ ಉಸಿರೆತ್ತಲಿಲ್ಲ, ಏಕೆಂದರೆ ಹೇಳಿದವರು ಪಾಸ್ಟರ್. ನಾನೂ ಉಸಿರೆತ್ತಲಿಲ್ಲ, ಏಕೆಂದರೆ ನಾನು ಪಾಸ್ಟರಮ್ಮ.

ಮನೆಗೆ ಬಂದ ಮೇಲೆ ಕೇಳಿದೆ. "ಮಗಳು ನೋಡೋದು ಬೇಡ್ವೇನೇ?" ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಸರಿ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸಿಗ್ನಲ್ ಅಣ್ಣನಿಗೆ ಫೋನು ಮಾಡಿ "ಎಷ್ಟು ಜನ ನೋಡಿದ್ರು?" ಎಂದು ಕೇಳಿದಿರಲ್ಲ, ಅದೂ ಮಗಳಿಗೋಸ್ಕರವೇ? ಸಾವಿಗೂ ಲೆಕ್ಕ ಕೇಳುವ ಹಾಗಾಯಿತೇ ನಮ್ಮ ಬಾಳು? ನನಗೆ ನಿಮ್ಮ ಮೇಲೆ ಬಂದಷ್ಟು ಸಿಟ್ಟು ನನ್ನ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಮಾರನೆಯ ದಿನ ಸಂಜೆ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಬಂದದ್ದು ಅದಕ್ಕೇ. ಚೀಲ ಹಿಡಿದು ಹೊರಟವಳಿಗೆ ನೀವು ಕಣ್ಣು ಸ್ಕ್ರೀನಿನಿಂದ ಕೀಳದೆ "ಹುಷಾರಾಗಿ ಹೋಗ್ಬಾ" ಎಂದಿರಿ, ತರಕಾರಿಗೆ ಹೊರಟವಳಿಗೆ ಹೇಳಿದ ಹಾಗೆ.

ಮೊನ್ನೆ ಭಾನುವಾರ ಕೀಬೋರ್ಡ್ ನುಡಿಸಲು ನಾನಿರಲಿಲ್ಲ. "ಪಾಸ್ಟರಮ್ಮ ವಿಶ್ರಾಂತಿಯಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥಿಸಿ" ಎಂದು ಲೈವ್‌ನಲ್ಲಿ ಹೇಳಿದಿರಂತೆ. ಅಕ್ಕ ತೋರಿಸಿದಳು, ಕೈಮುಗಿದ ಚಿತ್ರಗಳು ಸಾಲು ಸಾಲಾಗಿ ಇರುವೆಯ ಹಾಗೆ ಹರಿದುಹೋಗುತ್ತಿದ್ದವು. ಅಷ್ಟು ಕೈಗಳಲ್ಲಿ ಒಂದಾದರೂ ಫೋನು ಎತ್ತಿ ನಿನಗೇನಾಗಿದೆಯೇ ತಾಯಿ ಎಂದು ಕೇಳಲಿಲ್ಲ. ನೀವೂ ಕೇಳಲಿಲ್ಲ. ಅಕ್ಕ ಮಾತ್ರ "ಗಂಡನ ಜೊತೆ ಜಗಳಾನಾ?" ಎಂದಳು. ಜಗಳವಾಡಬೇಕಾದರೆ ಎದುರಿಗೆ ಒಬ್ಬರು ಇರಬೇಕಲ್ಲವೇ ಎಂದೆ.

ನಿಮಗೆ ನಮ್ಮ ಗುರುವಾರಗಳು ನೆನಪಿವೆಯೋ ಇಲ್ಲವೋ. ಮಧ್ಯಾಹ್ನ ಊಟ ಮಾಡಿ ಇಬ್ಬರೂ ಹೊರಡುತ್ತಿದ್ದೆವು, ಮನೆ ಮನೆ ಭೇಟಿಗೆ. ನೀವೇನು ದೊಡ್ಡ ಮಾತುಗಾರರಾಗಿರಲಿಲ್ಲ. ಹೋಗಿ ಸುಮ್ಮನೆ ಕೂರುತ್ತಿದ್ದಿರಿ. ಕೂರುವುದು ನಿಮಗೆ ಎಷ್ಟು ಚೆನ್ನಾಗಿ ಬರುತ್ತಿತ್ತು! ಮಗ ತೀರಿಕೊಂಡ ದರ್ಜಿಯ ಮನೆಯಲ್ಲಿ ಒಂದು ಇಡೀ ಸಂಜೆ ಬಾಯಿ ಬಿಡದೆ ಕೂತಿದ್ದಿರಿ, ಹೊರಡುವಾಗ ಅವರೇ ನಿಮ್ಮ ಕೈ ಹಿಡಿದು ಒಳ್ಳೆ ಮಾತು ಹೇಳಿದಿರಿ ಪಾಸ್ಟರ್ ಎಂದರು. ದಾರಿಯಲ್ಲಿ ನಾವಿಬ್ಬರೂ ನಗಬೇಕೋ ಅಳಬೇಕೋ ತಿಳಿಯದೆ ಬಂದೆವು. ನಾನು ಕಟ್ಟಿಕೊಂಡದ್ದು ಆ ಮನುಷ್ಯನನ್ನು. ಈಗ ಗುರುವಾರ ಆನ್‌ಲೈನ್ ಭೇಟಿ. ಒಂದೇ ಗಂಟೆಯಲ್ಲಿ ಹಿಂದಿನ ಎಷ್ಟು ಗುರುವಾರಗಳ ಮನೆಗಳು ಮುಗಿಯುತ್ತವೆ ಎಂದು ನೀವು ಹೆಮ್ಮೆಯಿಂದ ಹೇಳುತ್ತೀರಿ. ಮುಗಿಯುತ್ತವೆ, ನಿಜ.

ಹೀಗೆ ಬರೆಯುತ್ತಾ ಹೋದರೆ ಸಿಟ್ಟು ಇನ್ನೂ ಏರುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಕ್ಕ ಆಗಲೇ ಎರಡು ಸಲ ಹೇಳಿ ಹೋದಳು. ಆದ್ದರಿಂದ ಬೇಕಾದದ್ದನ್ನು ನೇರವಾಗಿ ಕೇಳಿಬಿಡುತ್ತೇನೆ. ಈ ಗುರುವಾರ ಬಡಗಿಯ ಮನೆಗೆ ಹೋಗಿ. ಒಬ್ಬರೇ ಹೋಗಿ, ಸಿಗ್ನಲ್ ಅಣ್ಣ ಬೇಡ. ಫೋನನ್ನು ಮನೆಯಲ್ಲಿ ಬಿಟ್ಟು ಹೋಗಿ. ಜೇಬಿನಲ್ಲಿ ಸೈಲೆಂಟ್ ಮಾಡಿಟ್ಟುಕೊಳ್ಳುತ್ತೇನೆ ಎನ್ನಬೇಡಿ, ಜೇಬು ನಡುಗಿದಾಗ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಆಕೆಯ ಎದುರು ಕೂತು, ಅಂದು ತಪ್ಪಾಯಿತಮ್ಮ ಎಂದು ಹೇಳಿ. ಆಮೇಲೆ ಹಳೆಯ ಹಾಗೆ ಸುಮ್ಮನೆ ಕೂರಿ. ನೀವು ಹೋಗಿಬಂದಿರಿ ಎಂದು ತಿಳಿದ ದಿನ ನಾನು ಬಸ್ಸು ಹತ್ತುತ್ತೇನೆ. ಹೋಗದಿದ್ದರೆ ಕೀಬೋರ್ಡಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಅಕ್ಕನ ಮನೆಯಲ್ಲಿ ನನಗೊಂದು ಕೋಣೆ ಇದೆ. ಹೆದರಿಸುತ್ತಿದ್ದಾಳೆ ಎಂದುಕೊಳ್ಳಬೇಡಿ. ನನಗೇ ಹೆದರಿಕೆಯಾಗುತ್ತಿದೆ.

ರಕ್ತದೊತ್ತಡದ ಮಾತ್ರೆ ಫ್ರಿಜ್ಜಿನ ಮೇಲಿದೆ. ಊಟದ ನಂತರ, ಲೈವ್‌ನ ನಂತರ ಅಲ್ಲ.

ಇನ್ನೂ ನಿಮ್ಮವಳೇ ಆಗಿರುವ,
ಪಾಸ್ಟರಮ್ಮ ಎಂದು ಕರೆಸಿಕೊಂಡು ಸಾಕಾದವಳು

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ಸುಳ್ಳು ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಮಣ್ಣಾದ ಮಾರನೆಯ ಬೆಳಿಗ್ಗೆಯೇ ನಿಮ್ಮ ಪರವಾಗಿ ತಪ್ಪು ಒಪ್ಪಿಕೊಳ್ಳಲು ನಾನು ಬಡಗಿಯ ಮನೆಗೆ ಹೋಗಿದ್ದೆ. ಆಕೆ ಗಂಡನ ಕೆಲಸದ ಕೋಣೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದರು. ನನ್ನ ಮಾತು ಕೇಳಿ, "ಅಯ್ಯೋ, ಏನ್ ತಪ್ಪಮ್ಮಾ? ಮೊದಲ್ನೇ ಹಿಡಿ ನಂದು. ಎರಡ್ನೇದು ಮಗಳ ಪಾಲಿಂದು ಅಂತ ಹಾಕ್ದೆ. ಪಾಸ್ಟರ್ ಹೇಳ್ದೆ ಹೋಗಿದ್ರೆ ನಂಗದು ಹೊಳೀತಾನೇ ಇರ್ಲಿಲ್ಲ" ಎಂದರು. ಆಕೆಗೆ ನಿಮ್ಮ ಮೇಲೆ ಎಳ್ಳಷ್ಟೂ ಬೇಸರವಿಲ್ಲ. ಇದು ತಿಳಿದ ಮೇಲೂ ಅದೇ ಸಂಜೆ ನಾನು ಚೀಲ ತುಂಬಿದೆ.

ಆದ್ದರಿಂದ ಗುರುವಾರ ಆ ಮನೆಗೆ ಹೋಗಬೇಡಿ, ಇಲ್ಲಿಗೆ ಬನ್ನಿ. ಕಳೆದ ತಿಂಗಳು ಬೆಳಗಿನ ಲೈವ್‌ನಲ್ಲಿ ಒಬ್ಬಳು ಹೆಸರು ಹೇಳದೆ, ನನಗೆ ಪ್ರಾರ್ಥನೆಯೇ ಬರುತ್ತಿಲ್ಲ, ದೇವರು ಇದ್ದಾನೆ ಎಂದೇ ಅನ್ನಿಸುತ್ತಿಲ್ಲ ಎಂದು ಬರೆದಿದ್ದಳು. ಯಾವ ಊರಿನ ಸಹೋದರಿಯೋ, ಹೇಳಿಕೊಳ್ಳಲು ಅವಳಿಗೆ ಯಾರೂ ಇಲ್ಲವೋ ಏನೋ ಎಂದು ಹೇಳಿ, ಕಣ್ಣು ಮುಚ್ಚಿ ಅವಳಿಗಾಗಿ ಪ್ರಾರ್ಥಿಸಿದಿರಿ. ಅವಳು ಹಜಾರದಲ್ಲಿದ್ದಳು. ನೀವು ಮಾಡಿದ ಪ್ರಾರ್ಥನೆ ಚೆನ್ನಾಗಿತ್ತು, ನಾನು ಬಾಗಿಲಿನ ಈಚೆಯಿಂದ ಗಟ್ಟಿಯಾಗಿಯೇ ಆಮೆನ್ ಅಂದೆ. ನೀವು ಬಾಗಿಲು ಒಂದಿಷ್ಟು ತೆರೆದು, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದಿರಿ.