ಹಿತ್ತಲ ಕುರ್ಚಿಗಳ ಸದ್ದು

ಜೂನ್ 4
ಇವತ್ತೂ ಚಹಾ ಒಬ್ಬಳೇ ಕುಡಿದೆ. ಕಿವಿಯ ಕಾಯಿಲೆ ಬಂದುಹೋದ ಮೇಲೆ ಇವರಿಗೆ ಸಣ್ಣ ಸದ್ದೂ ಸೂಜಿ ಚುಚ್ಚಿದ ಹಾಗೆ. ಮೊನ್ನೆ ಹಿತ್ತಲಲ್ಲಿ ಮಾತಾಡುತ್ತಾ ಕಬ್ಬಿಣದ ಕುರ್ಚಿ ಎಳೆದೆ. ಕಲ್ಲುಹಾಸಿನ ಮೇಲೆ ಕಿರ್‍ರ್... ಎದ್ದು ಹೋದವರು ಕೋಣೆ ಬಾಗಿಲು ಹಾಕಿಕೊಂಡರು. ಊಟವೂ ಅಲ್ಲೇ. ಮದುವೆಯಾದಾಗಿನಿಂದ ಸಂಜೆ ಹೊತ್ತು ಹಿತ್ತಲಲ್ಲಿ ಒಟ್ಟಿಗೆ ಕೂತವರು ನಾವು. ನನಗೆ ಅದು ವಾಪಸ್ ಬೇಕು. ಅಷ್ಟೇ.

ಜೂನ್ 7
ಕುರ್ಚಿಯ ಕಾಲುಗಳಿಗೆ ಕಂಬಳಿಯಂಥ ಮೆತ್ತನೆಯ ಫೆಲ್ಟ್ ತುಂಡು ಅಂಟಿಸಿದೆ. ಅಕ್ಕ ಬಂದವಳು ಕುರ್ಚಿ ಎಳೆದು ಕೂತು, "ಏನೇ, ಕುರ್ಚಿಗೂ ಚಪ್ಪಲಿ ಹಾಕಿಸ್ತಿದ್ದೀಯಾ?" ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗೆ ಚಿಲಕ ಬಿದ್ದಿತು. ಹಾಳು ಕುರ್ಚಿ, ಇನ್ನೂ ಕೇಳಿಸುತ್ತಿರಬೇಕು.

ಜೂನ್ 15
ಮಳೆ. ಫೆಲ್ಟ್ ನೆನೆದು ಮುದ್ದೆ. ಮರಳು ಕಚ್ಚಿಕೊಂಡು ಮೊದಲಿಗಿಂತ ಕೆಟ್ಟ ಸದ್ದು. ಕಿತ್ತೆಸೆದೆ. ಸಿಟ್ಟು — ಕುರ್ಚಿ ಮೇಲೋ, ಇವರ ಮೇಲೋ... ಇವರ ಮೇಲೇ. ಪಾಪ ಅಂತಲೂ ಅನಿಸುತ್ತದೆ.

ಜೂನ್ 16
ಹಾರ್ಡ್‌ವೇರ್ ಅಂಗಡಿಯವನು ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಕೊಟ್ಟ. "ಒಳಗೆ ಒಂದೊಂದು ವಾಷರ್ ಹಾಕಿ ಅಮ್ಮಾ. ಇಲ್ಲಾಂದ್ರೆ ಕುರ್ಚಿ ಕಾಲಿನ ಪೈಪಿನ ಅಂಚು ರಬ್ಬರ್ ಕೊಯ್ದುಬಿಡುತ್ತೆ." ಬಿಸಿನೀರಲ್ಲಿ ನೆನೆಸಿ ತುರುಕಿದೆ. ಹೆಬ್ಬೆರಳು ಊದಿದೆ. ಎಳೆದು ನೋಡಿದೆ — ಸದ್ದೇ ಇಲ್ಲ!

ಜೂನ್ 17, ಸಂಜೆ
ಬಂದರು! ಕುರ್ಚಿ ಎಳೆದು ತೋರಿಸಿದೆ. ತಲೆಯಾಡಿಸಿ ಕೂತರು. ಖುಷಿಗೆ ನನ್ನ ಬಾಯಿಗೆ ಬಿಡುವೇ ಇಲ್ಲ. ಫೆಲ್ಟ್, ಮಳೆ, ಅಂಗಡಿಯವನು, ಎಲ್ಲ ಒದರಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ಚಹಾ ಹಾಗೇ ಇತ್ತು.
"ಯಾಕ್ರೀ, ಇನ್ನೂ ಕೇಳಿಸ್ತಿದೆಯಾ?"
"ಕುರ್ಚಿದು ಹೇಗೋ ತಡ್ಕೋತಿದ್ದೆ ಕಣೇ." ಕೈ ಹಿಡಿದುಕೊಂಡರು. "ನಿನ್ನ ದನಿ... ಅದು ನೇರ ಒಳಗೆ ಇಳಿಯುತ್ತೆ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."
ಅಳುತ್ತಿದ್ದರು. ನಾನೂ ಅತ್ತೆ, ಸದ್ದು ಮಾಡದೆ.

ಜೂನ್ 29
ದಿನಾ ಕೂರುತ್ತೇವೆ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಹೇಳಬೇಕಾದ್ದನ್ನೆಲ್ಲ ಇಲ್ಲಿ ಗೀಚುವುದು.
ಇವತ್ತು ಪಕ್ಕದ ಮನೆಯ ದಪ್ಪ ಬೆಕ್ಕು ಗೋಡೆ ಹತ್ತಲು ಹೋಗಿ ಜಾರಿ ಬಕೆಟ್ಟಿನಲ್ಲಿದ್ದ ಬಟ್ಟೆಯ ಮೇಲೆ ಮೆತ್ತಗೆ ಬಿತ್ತು. ಇವರು ಆ ಕಡೆ ಬೆನ್ನು ಹಾಕಿ ಕೂತಿದ್ದರು, ಕಾಣಲಿಲ್ಲ. ತಡೆಯಲಾಗಲಿಲ್ಲ. "ರೀ" ಅನ್ನಲು ಬಾಯಿ ತೆರೆದೆ. ಇನ್ನೂ ಅಂದಿರಲಿಲ್ಲ. ಇವರ ಭುಜ ಬಿಗಿಯಾಯಿತು, ಏಟು ಬೀಳುತ್ತದೆ ಅಂತ ಗೊತ್ತಿರುವವರ ಹಾಗೆ. ತೆರೆದ ಬಾಯಿಗೆ ಚಹಾ ಲೋಟ ಹಿಡಿದು, ಬೆಕ್ಕಿನ ಸುದ್ದಿಯನ್ನು ಇಲ್ಲಿಗೆ ತಂದೆ.