ಕಾವಲಿಗೆ ಬಂದ ಅಳಿಯ

ಮಾನ್ಯ ಚುನಾವಣಾ ಬಂದೋಬಸ್ತ್ ಅಧಿಕಾರಿಗಳೇ,

ನಮ್ಮೂರಿನ ಮತಗಟ್ಟೆಯ ಕಾವಲಿಗೆ ನೀವು ನಮ್ಮ ಅಳಿಯನನ್ನೇ ಕಳಿಸಿಕೊಟ್ಟಿರಿ. ಅವರು ಬಂದರು, ನಮ್ಮ ಮನೆಯಲ್ಲಿ ಉಂಡರು, ಅಷ್ಟರಲ್ಲಿ ಊರಿನ ಓಟು ಮುಗಿದುಹೋಗಿತ್ತು. ಬಡಿಸಿದವಳು ನಾನು. ತಲೆ ಎತ್ತಿ ಬೀದಿಯಲ್ಲಿ ನಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಬರೆದರೆ ಕಡತದೊಳಗೆ ಸೇರಿಬಿಡುತ್ತದೆ ಎಂದು ಪತ್ರಿಕೆಗೆ ಕಳಿಸಿದ್ದೇನೆ.

ಈ ತೊಂಬತ್ತೊಂಬತ್ತರ ಚುನಾವಣೆಗಾಗಿ ದೇಶದ ಉದ್ದಗಲಕ್ಕೂ ಪಡೆಗಳು ಓಡಾಡುತ್ತಿವೆ, ಎಲ್ಲ ಕಡೆಗೂ ಒಟ್ಟಿಗೆ ಕಾವಲು ಒದಗಿಸಲಾಗದೆಂದೇ ಹಂತ ಹಂತವಾಗಿ ಮತದಾನ ನಡೆಸುತ್ತಿದ್ದಾರೆ ಎಂದು ಓದಿ ಹೆಮ್ಮೆಪಟ್ಟವಳು ನಾನು. ಅಷ್ಟು ದೊಡ್ಡ ಏರ್ಪಾಟಿನಲ್ಲಿ ಹಳ್ಳಿಮೈಸೂರು ಹೋಬಳಿಯ ನಮ್ಮ ಸಣ್ಣ ಊರಿನ ಪಾಲಿಗೆ ಬಂದದ್ದು ಒಬ್ಬ ಪೇದೆ, ಒಂದು ಲಾಠಿ. ಅದಕ್ಕೂ ನನ್ನ ತಕರಾರಿಲ್ಲ. ಪೇದೆಯನ್ನು ಸ್ವಂತ ಊರಿಗೆ ಹಾಕಬಾರದೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೀರಂತೆ. ನಿಜ, ನಮ್ಮ ಅಳಿಯ ಶಶಿಕುಮಾರ್ ಕಟ್ಟಾಯದ ಕಡೆಯವರು, ತಾಲ್ಲೂಕೇ ಬೇರೆ. ಆದರೆ ಸ್ವಾಮಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರದ ಊರು ಯಾವುದಿದೆ? ಹುಟ್ಟೂರಿನಲ್ಲಾದರೆ ಗಂಡಸು ನಾಲ್ಕು ಜನರನ್ನು ಗದರಿಸಿಯಾನು. ಮಾವನ ಊರಿನಲ್ಲಿ ಅವನು ದನಿ ಎತ್ತುವುದುಂಟೇ? ನಮ್ಮ ಯಜಮಾನರು ಒಂದು ಪಕ್ಷದ ಏಜೆಂಟರಾಗಿ ಶಾಲೆಯಲ್ಲಿದ್ದ ಮತಗಟ್ಟೆಯ ಒಳಗೇ ಕುಳಿತಿದ್ದರು. ಒಳಗೆ ಮಾವ, ಬಾಗಿಲಲ್ಲಿ ಅಳಿಯ! ಇಂಥ ಬಂದೋಬಸ್ತನ್ನು ನಿಮಗೆ ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ನಮ್ಮೂರಿನಲ್ಲಿ ಒಂದು ಪದ್ಧತಿಯಿದೆ. ಕೆಳಗಿನ ಬೀದಿಯವರು ಊಟ ಮುಗಿಸಿ ನಿಧಾನವಾಗಿ ಓಟಿಗೆ ಬಂದರೆ ಸಾಕೆಂದು ನಮ್ಮ ಮೇಲಿನ ಬೀದಿಯಿಂದ ಹೇಳಿ ಕಳಿಸುತ್ತಾರೆ. ಅವರು ಬರುವ ಹೊತ್ತಿಗೆ ಅವರ ಓಟು ಉಳಿದಿರುವುದಿಲ್ಲ. ಈ ಸಲ ನಾನು ನಮ್ಮ ಮಹಿಳಾ ಸಂಘದ ಸಭೆಯಲ್ಲಿ, ‘ಪೊಲೀಸರು ಇರ್ತಾರೆ, ಎದ್ರುಕೋಬೇಡಿ, ಬೆಳಿಗ್ಗೇನೇ ಬನ್ನಿ’ ಎಂದು ಆಣೆಯಿಟ್ಟಂತೆ ಹೇಳಿದ್ದೆ. ಕೆಳಗಿನ ಬೀದಿಯಲ್ಲಿ ಸೊಪ್ಪು ಮಾರಿ ಬದುಕುವ ಬಸವಲಿಂಗಮ್ಮ ನನ್ನ ಮಾತು ನಂಬಿ, ಅಂದಿನ ವ್ಯಾಪಾರ ಬಿಟ್ಟು, ಒಗೆದ ಸೀರೆಯುಟ್ಟು ಸಾಲಿನಲ್ಲಿ ನಿಂತರು. ಅಷ್ಟು ವಯಸ್ಸಾದರೂ ಅವರು ಒಮ್ಮೆಯೂ ತಮ್ಮ ಓಟು ತಾವೇ ಒತ್ತಿದವರಲ್ಲ.

ಸಾಲು ಅರ್ಧ ಕರಗುವಷ್ಟರಲ್ಲಿ ಯಜಮಾನರು ಅಳಿಯನನ್ನು ಕರೆದುಕೊಂಡು ಮನೆಗೆ ಬಂದರು. ಅಳಿಯ ಮನೆ ಬಾಗಿಲಿಗೆ ಬಂದ ಮೇಲೆ ಅತ್ತೆಯಾದವಳು ‘ಡ್ಯೂಟಿ ಮುಗಿಸಿ ಬನ್ನಿ’ ಎನ್ನುತ್ತಾಳೆಯೇ? ಎಲೆ ಹಾಕಿದೆ. ಒಬ್ಬಟ್ಟು ಬಡಿಸಿದೆ. ನಮ್ಮ ಕಡೆ ಮಾವ ಎಲೆಯಿಂದ ಏಳುವ ತನಕ ಅಳಿಯ ಏಳುವಂತಿಲ್ಲ. ದಿನವೂ ಗಬಗಬ ಉಂಡು ಕೈ ತೊಳೆಯುವ ಯಜಮಾನರು ಅಂದು ಮಜ್ಜಿಗೆಯನ್ನ ಕಲಸುತ್ತಲೇ ಕುಳಿತರು.

‘ಸಾಕು ಅತ್ತೆ, ಡ್ಯೂಟಿ ಮೇಲಿವ್ನಿ, ಬಿರ್ರನೆ ಓಗ್ಬೇಕು.’

‘ಕೂತ್ಕಳಿ ಅಳಿಯಂದ್ರೆ. ಇಸ್ಕೂಲು ಎಲ್ಲಿಗೋಯ್ತದೆ? ಏ, ಇನ್ನೊಂದ್ ಒಬ್ಬಟ್ಟು ಆಕು ಅವ್ರಿಗೆ.’

ಹಾಕಿದೆ, ಮೇಲೆ ತುಪ್ಪವನ್ನೂ ಸುರಿದೆ. ಶಾಲೆಯಲ್ಲಿ ಅದೇ ಹೊತ್ತಿಗೆ, ಸಿಬ್ಬಂದಿ ಊಟ ಮಾಡುತ್ತಿದ್ದಾರೆಂದು ಹೇಳಿ ಯಜಮಾನರ ಕಡೆಯ ಗಂಡಾಳುಗಳು ಬಾಗಿಲು ಹಾಕಿಕೊಂಡು ಮುದ್ರೆ ಒತ್ತುತ್ತಿದ್ದರು. ನನಗದು ತಿಳಿದದ್ದು ಬಸವಲಿಂಗಮ್ಮ ಹಿತ್ತಿಲ ಬಾಗಿಲಿಗೆ ಬಂದಾಗ.

‘ಜಯಮ್ಮಾರೇ, ನನ್ನೋಟು ಆಗೋಯ್ತಂತೆ. ನೋಡಿ, ಬೆಳ್ಳಲ್ಲಿ ಮಸಿನೇ ಇಲ್ಲ. ಪೊಲೀಸ್ನೋರು ಇರ್ತಾರೆ ಅಂದಿದ್ರಲ್ಲ, ಎಲ್ಲವ್ರೆ?’

ನಾನು ಉತ್ತರಿಸುವ ಮೊದಲೇ ಅವರ ಕಣ್ಣು ನಡುಮನೆಯತ್ತ ಹೋಯಿತು. ಎಲೆಯ ಮುಂದೆ ಖಾಕಿ ತೊಟ್ಟವರನ್ನು ಕಂಡರು. ‘ಓ, ಇಲ್ಲವ್ರಾ’ ಎಂದರು. ಬೈದಿದ್ದರೆ ಸಹಿಸುತ್ತಿದ್ದೆ. ಅವರು ಸುಮ್ಮನೆ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು. ಅಳಿಯಂದಿರು ಕೈ ತೊಳೆಯದೆ ಎದ್ದು ಓಡಿದರು, ಅಷ್ಟು ನ್ಯಾಯವನ್ನು ಅವರಿಗೆ ಸಲ್ಲಿಸಲೇಬೇಕು. ಆದರೆ ಶಾಲೆಯ ಬಾಗಿಲು ಆಗಲೇ ತೆರೆದಿತ್ತು, ಪೆಟ್ಟಿಗೆ ತುಂಬಿತ್ತು.

ಮರುದಿನ ನಿಮ್ಮ ಹೇಳಿಕೆ ಓದಿದೆ: ಮತದಾನ ಶಾಂತಿಯುತ. ಹೌದು ಸ್ವಾಮಿ, ಒಂದು ಕಲ್ಲು ಬೀಳಲಿಲ್ಲ, ಯಾರ ತಲೆಯೂ ಒಡೆಯಲಿಲ್ಲ. ಇಷ್ಟು ಮರ್ಯಾದೆಯಿಂದ ಓಟು ಕದ್ದ ಊರು ದೇಶದಲ್ಲಿ ಇನ್ನೆಷ್ಟಿವೆಯೋ. ಗಲಾಟೆಯಾದರೆ ಮಾತ್ರ ನಿಮಗೆ ಕಾವಲು ತಪ್ಪಿದ್ದು ಕಾಣುತ್ತದೆಯೇ?

ಈ ಪತ್ರದ ವಿಷಯ ತಿಳಿದು ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಮಗಳು ಅನುಶ್ರೀ, ‘ನನ್ ಗಂಡನ್ ಕೆಲ್ಸಕ್ಕೇ ಕಲ್ಲಾಕ್ತೀಯಲ್ಲವ್ವ’ ಎಂದು ಅತ್ತಳು. ನಾನೂ ಅತ್ತೆ. ಆದರೂ ಕಳಿಸುತ್ತಿದ್ದೇನೆ. ಮಾವನ ಊರಿಗೆ ಹಾಕಬೇಡಿರೆಂದು ಅಳಿಯಂದಿರು ನಿಮ್ಮ ಕೆಳಗಿನವರಿಗೆ ಮೊದಲೇ ಹೇಳಿದ್ದರಂತೆ. ಅವರು ನಕ್ಕು, ‘ಒಳ್ಳೇದಾಯ್ತಲ್ಲಯ್ಯ, ಊಟದ ಚಿಂತೆ ಇಲ್ಲ’ ಎಂದರಂತೆ. ವಿಚಾರಣೆ ನಡೆಸುವುದಾದರೆ ಹಾಗೆ ನಕ್ಕವರನ್ನೂ ಕರೆಸಿ.

ನಾನು ಕೇಳುವುದು ಇಷ್ಟೇ. ಎಣಿಕೆಗೆ ಮುಂಚೆ ನಮ್ಮ ಮತಗಟ್ಟೆಯಲ್ಲಿ ಮರುಮತದಾನ ನಡೆಸಿ. ಇಲ್ಲಿ ಅತ್ತೆಯಾಗಲಿ, ಅಕ್ಕತಂಗಿಯರಾಗಲಿ ಇಲ್ಲದವರನ್ನು, ಬೇಕಾದರೆ ನಮ್ಮ ಭಾಷೆಯೇ ಬಾರದವರನ್ನು ಕಾವಲಿಗೆ ಹಾಕಿ. ಮೊನ್ನೆ ಬಸವಲಿಂಗಮ್ಮ ದಾರಿಯಲ್ಲಿ ಸಿಕ್ಕಿ, ‘ಇನ್ನೊಂದ್ಸಲ ಓಟಾದ್ರೆ ಬರ್ಲಾ, ಬ್ಯಾಡ್ವಾ? ನೀವೇಳಿದ್ರೆ ಬತ್ತೀನಿ’ ಎಂದರು. ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಮಾತನ್ನು ಈ ಸಲ ನೀವೇ ಕೆಳಗಿನ ಬೀದಿಗೆ ಬಂದು ಹೇಳಬೇಕು. ನಿಮ್ಮವರು ಬುತ್ತಿ ಕಟ್ಟಿಕೊಂಡೇ ಬರಲಿ. ಅಂದು ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಇಂತಿ,
ಒಬ್ಬರಿಗೆ ಬಡಿಸಿ ಒಂದು ಬೀದಿಯನ್ನೇ ಬರಿಗೈಲಿ ಕಳಿಸಿದ
ಜಯಲಕ್ಷ್ಮಮ್ಮ